ಲೀವನ್ ಸರೋವರದ ಟ್ರೌಟ್: ತೂಬು, ಉಣ್ಣೆ ಗಿರಣಿ ಮತ್ತು ಗಾಳದ ಲೆಕ್ಕ

ಸ್ಕಾಟ್ಲೆಂಡಿನ ಲಾಖ್ (ಅಂದರೆ ಸರೋವರ) ಲೀವನ್‌ನಲ್ಲಿ 1960ರ ಒಂದೇ ಹಂಗಾಮಿಗೆ ಗಾಳಗಾರರು ಹಿಡಿದ ಟ್ರೌಟ್ 80 ಸಾವಿರ ದಾಟಿತ್ತು. ಆ ದಾಖಲೆಯನ್ನು ಮತ್ತೆಂದೂ ಮುಟ್ಟಲಾಗಲಿಲ್ಲ. ಅಲ್ಲಿನ ಹಳಬರು ಇವತ್ತಿಗೂ ಸರೋವರದ ಆರೋಗ್ಯವನ್ನು ಅಳೆಯುವುದು ಆ ವರ್ಷದ ಕೋಲಿನಿಂದಲೇ. ಆದರೆ ಆ ಹೊತ್ತಿಗೆ ನೀರು ಕೆಡಲು ಶುರುವಾಗಿ ವರ್ಷಗಳೇ ಕಳೆದಿದ್ದವು. ಹಿಡಿದ ಮೀನಿನ ಲೆಕ್ಕ ಬೇರೆ, ನೀರಿನಲ್ಲಿರುವ ಮೀನಿನ ಲೆಕ್ಕ ಬೇರೆ. ಈ ಸರೋವರದ ಇನ್ನೂರು ವರ್ಷದ ಕತೆ ಈ ಎರಡು ಲೆಕ್ಕ ಎಲ್ಲಿ ತಾಳೆಯಾಗಲಿಲ್ಲ ಎಂಬುದರ ಕತೆಯೇ.

ಎಡಿನ್‌ಬರಾದಿಂದ ಉತ್ತರಕ್ಕೆ, ಪರ್ತ್‌ಗೆ ಹೋಗುವ ದಾರಿಯಲ್ಲಿ ಕಿನ್ರಾಸ್ ಊರಿನ ಪಕ್ಕ ಇದು ಹರಡಿಕೊಂಡಿದೆ. ವಿಸ್ತೀರ್ಣ 13.3 ಚದರ ಕಿಲೋಮೀಟರ್, ಅಂದರೆ ನಮ್ಮ ಬೆಳ್ಳಂದೂರು ಕೆರೆಯ ಸುಮಾರು ನಾಲ್ಕು ಪಟ್ಟು. ಆಳ ನೋಡಿದರೆ ಇದೂ ಕೆರೆಯ ಜಾತಿಯೇ: ಸರಾಸರಿ 3.9 ಮೀಟರ್. ಹಿಮಯುಗ ಬಿಟ್ಟುಹೋದ ಎರಡು ಗುಂಡಿಗಳಲ್ಲಿ ಮಾತ್ರ ಆಳ 25 ಮೀಟರ್‌ವರೆಗೆ ಇಳಿಯುತ್ತದೆ. ನಾರ್ತ್ ಕ್ವೀಖ್, ಸೌತ್ ಕ್ವೀಖ್, ಗೇರ್ನಿ, ಪೌ ಎಂಬ ಹಳ್ಳಗಳು ಸುತ್ತಲಿನ ಹೊಲಗದ್ದೆಗಳ ನೀರನ್ನು ತಂದು ಸುರಿಯುತ್ತವೆ. ಹೊರಕ್ಕೆ ಹರಿಯುವುದು ಲೀವನ್ ನದಿಯೊಂದೇ, ಅದೂ ತೂಬಿನ ಮೂಲಕ.

ಮೊದಲು ಬಂದದ್ದು ಆ ತೂಬು. ನದಿಯ ಕೆಳಗಿನ ಗಿರಣಿಗಳಿಗೆ ವರ್ಷವಿಡೀ ಒಂದೇ ಹದದಲ್ಲಿ ನೀರು ಬೇಕಿತ್ತು, ದಂಡೆಯ ಜಮೀನ್ದಾರರಿಗೆ ಇನ್ನಷ್ಟು ಉಳುವ ನೆಲ ಬೇಕಿತ್ತು. 1830ರ ಆಸುಪಾಸಿನಲ್ಲಿ ನೇರ ಕಾಲುವೆ ತೋಡಿ, ತೂಬಿನ ಬಾಗಿಲು ಕೂರಿಸಿ, ನೀರಿನ ಮಟ್ಟವನ್ನು ಸುಮಾರು ಒಂದೂವರೆ ಮೀಟರ್ ಇಳಿಸಿದರು. ಸರೋವರದ ಕಾಲು ಭಾಗದಷ್ಟು ಹರವು ಒಣ ನೆಲವಾಯಿತು. 1567ರಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಸೆರೆಯಿಟ್ಟಿದ್ದ ಕೋಟೆಯ ದ್ವೀಪವೂ ಹಿಗ್ಗಿತು. ಪ್ರವಾಸಿಗರಿಗೆ ಈ ಕೋಟೆಯ ಸಂಗತಿ ಗೊತ್ತಿರುತ್ತದೆ, ಮೀನುಗಳಿಗೆ ಏನಾಯಿತೆಂದು ಕೇಳುವವರು ಕಡಿಮೆ. ಸಮುದ್ರದಿಂದ ಏರಿ ಬರುವ ಸಾಲ್ಮನ್‌ಗೆ ತೂಬು ಅಡ್ಡ ನಿಂತಿತು. ತಣ್ಣೀರಿನ ಆರ್ಕ್ಟಿಕ್ ಚಾರ್ ಮೀನು ಕೊನೆಯ ಬಾರಿ ದಾಖಲಾದದ್ದು 1837ರಲ್ಲಿ. ಚಾರ್ ಮೊಟ್ಟೆಯಿಡುವುದು ಸಾಮಾನ್ಯವಾಗಿ ಸರೋವರದ ಅಂಚಿನ ಗರಸಿನ ಮೇಲೆ. ಮಟ್ಟ ಇಳಿದಾಗ ಮೊದಲು ಬಯಲಾಗುವ ಜಾಗವೂ ಅದೇ.

ಟ್ರೌಟ್ ಉಳಿದದ್ದು ಅದರ ಹೆರಿಗೆ ಮನೆ ಬೇರೆಡೆ ಇದ್ದುದರಿಂದ. ಅಕ್ಟೋಬರ್, ನವೆಂಬರ್‌ನಲ್ಲಿ ಮಳೆ ಬಿದ್ದು ಹಳ್ಳಗಳು ತುಂಬಿದಾಗ ಹೆಣ್ಣು ಟ್ರೌಟ್ ಪ್ರವಾಹಕ್ಕೆದುರಾಗಿ ಏರಿ, ಬಟಾಣಿಯಿಂದ ನಿಂಬೆಹಣ್ಣಿನ ಗಾತ್ರದವರೆಗಿನ ಗರಸನ್ನು ಬಾಲದಿಂದ ಕೆದರಿ ಗುಳಿ ಮಾಡಿ ಮೊಟ್ಟೆ ಹೂಳುತ್ತದೆ. ಒಂದು ಕಿಲೊ ತೂಕದ ಮೀನಿನಲ್ಲಿ ಒಂದೂವರೆ, ಎರಡು ಸಾವಿರ ಮೊಟ್ಟೆ. ನೀರು 5 ಡಿಗ್ರಿ ಇದ್ದರೆ ಒಡೆಯಲು 80ರಿಂದ 90 ದಿನ. ಈ ಮೂರು ತಿಂಗಳೂ ಗರಸಿನ ಸಂದಿಯಲ್ಲಿ ನೀರು ಓಡುತ್ತಲೇ ಇರಬೇಕು. ಚಳಿಗಾಲದಲ್ಲಿ ಉತ್ತ ಹೊಲದ ಮಣ್ಣು ಕೊಚ್ಚಿ ಬಂದು ಆ ಸಂದಿ ಮುಚ್ಚಿದರೆ ಮೊಟ್ಟೆ ಉಸಿರುಗಟ್ಟಿ ಸಾಯುತ್ತದೆ. ಬದುಕಿದ ಮರಿ ಒಂದೆರಡು ವರ್ಷ ಹಳ್ಳದಲ್ಲೇ ಬೆಳೆದು ಆಮೇಲೆ ಸರೋವರಕ್ಕೆ ಇಳಿಯುತ್ತದೆ. ಅಂದಮೇಲೆ ಈ ವರ್ಷ ಗಾಳಕ್ಕೆ ಬಿದ್ದ ಮೀನು ನಾಲ್ಕೈದು ವರ್ಷದ ಹಿಂದೆ ಹಳ್ಳ ಹೇಗಿತ್ತು ಎಂಬುದರ ಸಾಕ್ಷಿ. ಗಾಳಗಾರರ ಸಂಜೆಯ ವಾದಗಳಲ್ಲಿ ಮೊದಲು ಮರೆತುಹೋಗುವುದು ಈ ಅಂತರ.

ಸರೋವರಕ್ಕೆ ಇಳಿದ ಮೇಲೆ ಇಲ್ಲಿನ ಟ್ರೌಟ್‌ಗೆ ಊಟದ ಕೊರತೆಯಿಲ್ಲ. ಬಸವನಹುಳು, ಸಿಗಡಿ ಜಾತಿಯ ಸಣ್ಣ ಜೀವಿಗಳು, ಪಾಚಿ ಮೇಯುವ ಪುಟಾಣಿ ನೀರುಚಿಗಟ. ಅದನ್ನೆಲ್ಲ ತಿಂದು ಮಾಂಸ ಕೆಂಪಾಗಿ, ಮೈ ಬೆಳ್ಳಿಯಂತೆ ಹೊಳೆಯುವ ಈ ಮೀನನ್ನು ಬೇರೆಯೇ ಪ್ರಭೇದವೆಂದು ತಿಳಿದು 1811ರಲ್ಲಿ ‘ಸಾಲ್ಮೊ ಲೀವನೆನ್ಸಿಸ್’ ಎಂದು ಹೆಸರಿಟ್ಟರು. ಸ್ಟರ್ಲಿಂಗ್ ಬಳಿಯ ಹೋವಿಟೌನ್‌ನಲ್ಲಿ ಜೇಮ್ಸ್ ಮೇಟ್‌ಲ್ಯಾಂಡ್ 1873ರಿಂದ ಮರಿಕೇಂದ್ರ ಕಟ್ಟಿ, ಲೀವನ್ ತಳಿಯ ಮೊಟ್ಟೆಯನ್ನು ಮಾಸ್ ಎಂಬ ಹಾವಸೆಗಿಡದಲ್ಲಿ ಸುತ್ತಿ ಮಂಜುಗಡ್ಡೆಯ ಜೊತೆ ಹಡಗಿಗೇರಿಸಿದ. 1885ರಲ್ಲಿ ಅವು ಅಮೆರಿಕ ತಲುಪಿದವು. ಯೆಲ್ಲೊಸ್ಟೋನ್‌ನ ಲೂಯಿಸ್ ಸರೋವರಕ್ಕೆ 1890ರಲ್ಲಿ ಬಿಟ್ಟದ್ದೂ ಲೀವನ್ ಟ್ರೌಟನ್ನೇ. ಪ್ರಭೇದದ ಗೊಂದಲ ಬಿಡಿಸಲು ಹೋವಿಟೌನ್‌ನಲ್ಲಿ ಕೆಲಸ ಮಾಡಿದವರಲ್ಲಿ ಫ್ರಾನ್ಸಿಸ್ ಡೇ ಒಬ್ಬ. ಮದ್ರಾಸ್ ಸೇನೆಯ ವೈದ್ಯನಾಗಿದ್ದ ಈತ 1860ರ ದಶಕದಲ್ಲಿ ನಮ್ಮ ಪಕ್ಕದ ನೀಲಗಿರಿಗೆ ಟ್ರೌಟ್ ತರಲು ಹೊರಟು ಸೋತವನು. ಲೀವನ್ ತಳಿಯನ್ನು ಬೇರೆ ನೀರಿನಲ್ಲಿ ಬೆಳೆಸಿದರೆ ಅದು ಮಾಮೂಲಿ ಕಂದು ಟ್ರೌಟ್‌ನ ಗುಣ ತಾಳುತ್ತದೆ ಎಂದು ಅವನು ತೋರಿಸಿದ. ಬೆಳ್ಳಿ ಬಣ್ಣ ಜಾತಿಯದಲ್ಲ, ನೀರಿನದು.

ಇನ್ನು ನೀರು ಕೆಟ್ಟ ಬಗೆ. ಕಿನ್ರಾಸ್‌ನ ಉಣ್ಣೆ ಗಿರಣಿ, ಊರುಗಳ ಕೊಳಚೆ, ಹೊಲದ ಗೊಬ್ಬರ ಮೂರರಿಂದಲೂ ರಂಜಕ ಬರುತ್ತಿತ್ತು. ಒಂದು ಕಿಲೊ ರಂಜಕ ಸಾಕು, ಒಣತೂಕದಲ್ಲೇ ಸುಮಾರು 100 ಕಿಲೊ ಪಾಚಿ ಬೆಳೆಯಬಲ್ಲದು. ಕಾಟ್ಲಾ ಸಾಕುವ ನಮ್ಮ ರೈತರಿಗೆ ಇದು ವಿಚಿತ್ರವಲ್ಲ. ಕೊಳಕ್ಕೆ ಸಗಣಿ, ಸೂಪರ್ ಫಾಸ್ಫೇಟ್ ಹಾಕಿ ನೀರನ್ನು ಹಸಿರು ಮಾಡುವುದೇ ಅಲ್ಲಿ ಸಾಕಣೆಯ ಮೊದಲ ಪಾಠ. ಸ್ವಲ್ಪ ಗೊಬ್ಬರ ಟ್ರೌಟ್‌ಗೂ ಒಳ್ಳೆಯದೇ: ಪಾಚಿ ಹೆಚ್ಚಿದರೆ ನೀರುಚಿಗಟ ಹೆಚ್ಚುತ್ತದೆ, ಕೆಸರಿನ ಹುಳು ಹೆಚ್ಚುತ್ತದೆ, ಮೀನು ಕೊಬ್ಬುತ್ತದೆ. ಇಪ್ಪತ್ತನೆಯ ಶತಮಾನದ ನಡುವಿನ ದೊಡ್ಡ ಬೇಟೆಗಳಲ್ಲಿ ಈ ಗೊಬ್ಬರದ ಪಾಲೂ ಇತ್ತೆಂದು ನಂಬಲು ಕಾರಣವಿದೆ. ಕಾಟ್ಲಾ ಹಸಿರು ನೀರಿನಲ್ಲೇ ಬಾಯಿ ತೆರೆದು ಸೋಸಿ ತಿನ್ನುತ್ತದೆ, ಟ್ರೌಟ್ ಹಾಗಲ್ಲ. ಅದು ಕಣ್ಣಿಂದ ಬೇಟೆಯಾಡುವ ಮೀನು. ನೀರು ಮಸುಕಾದರೆ ಹೊಟ್ಟೆಗೂ ಇಲ್ಲ, ಗಾಳಕ್ಕೂ ಇಲ್ಲ.

ಇದರ ಮೇಲೆ ಇನ್ನೊಂದು ಪೆಟ್ಟು. ಉಣ್ಣೆಗೆ ನುಸಿ ಹತ್ತದಿರಲೆಂದು ಗಿರಣಿಯಲ್ಲಿ ಬಳಸಿದ ಡೀಲ್ಡ್ರಿನ್ ಎಂಬ ಕೀಟನಾಶಕ 1950ರ ದಶಕದ ಕೊನೆಯಿಂದ 1964ರವರೆಗೆ ಸರೋವರ ಸೇರಿತು. ಆ ಕಾಲದಲ್ಲಿ ನೀರುಚಿಗಟ ಕಾಣೆಯಾಗಿ, ಮರಳಿ ಬಂದದ್ದು 1970ರ ಹೊತ್ತಿಗೆ. ಪಾಚಿಯನ್ನು ಮೇಯುವ ದನವೇ ಇಲ್ಲವಾದ ಮೇಲೆ ಹುಲ್ಲು ಬೆಳೆಯದೆ ಇನ್ನೇನು? ನೀರಿನಡಿಯ ಗಿಡಗಳಿಗೆ ಬೆಳಕು ಸಿಗದಾಯಿತು. 1900ರ ಮೊದಲ ದಶಕಗಳಲ್ಲಿ ನಾಲ್ಕೂವರೆ ಮೀಟರ್ ಆಳದವರೆಗೂ ಬೆಳೆಯುತ್ತಿದ್ದ ಗಿಡಗಳು 1970ರ ದಶಕದಲ್ಲಿ ಒಂದೂವರೆ ಮೀಟರ್‌ಗೆ ನಿಂತವು. ಪರ್ಚ್ ಎಂಬ ಮೀನಿನ ಮರಿ ಅಡಗುವ, ಬಸವನಹುಳು ತೆವಳುವ ತೋಟ ಹೀಗೆ ಮೂರರಲ್ಲೊಂದು ಆಳಕ್ಕೆ ಕುಗ್ಗಿತು. 1966ರಿಂದ 1972ರವರೆಗೆ ಅಂತರರಾಷ್ಟ್ರೀಯ ಜೈವಿಕ ಕಾರ್ಯಕ್ರಮದಡಿ ಸರೋವರದ ಪಾಚಿಯಿಂದ ಮೀನಿನವರೆಗೆ ಎಲ್ಲವನ್ನೂ ಅಳೆದರು. 1968ರಲ್ಲಿ ಶುರುವಾದ ನೀರಿನ ಮಾಪನ ಇವತ್ತಿಗೂ ನಡೆದಿರುವುದರಿಂದಲೇ ಈ ಕತೆಯನ್ನು ಅಂಕಿಯೊಡನೆ ಹೇಳಲು ಸಾಧ್ಯ.

ಅಷ್ಟರಲ್ಲಿ ಗಾಳದ ಲೆಕ್ಕ ಇಳಿಮುಖವಾಗಿತ್ತು. ಮೀನು ಕಡಿಮೆಯಾಗಿದ್ದರೆ ಮೀನು ತಂದು ಬಿಡೋಣ ಎಂಬುದು ಎಲ್ಲ ಊರಿನ ಮೊದಲ ಯೋಚನೆ. 1983ರಿಂದ ಮರಿಕೇಂದ್ರದಲ್ಲಿ ಸಾಕಿದ ಕಂದು ಟ್ರೌಟ್, 1993ರಿಂದ ಅಮೆರಿಕ ಮೂಲದ ರೇನ್‌ಬೋ ಟ್ರೌಟ್. ರೇನ್‌ಬೋ ಬಿಡುವುದಕ್ಕೆ ಗಾಳಗಾರರಲ್ಲೇ ಎರಡು ಪಕ್ಷ. ವ್ಯಾಪಾರದ ದೃಷ್ಟಿಯಿಂದ ಅದರಲ್ಲಿ ಅರ್ಥವಿತ್ತು: ಬೇಗ ಬೆಳೆಯುತ್ತದೆ, ಬೇಗ ಕಚ್ಚುತ್ತದೆ, ಹಣ ಕೊಟ್ಟು ದೋಣಿ ಹತ್ತಿದವನು ಬರಿಗೈಯಲ್ಲಿ ಹೋಗುವುದಿಲ್ಲ. ಆದರೆ ಬ್ರಿಟನ್ನಿನ ನೀರಿನಲ್ಲಿ ಅದು ಸಂತಾನ ಮಾಡುವುದು ಬಲು ಅಪರೂಪ, ವರ್ಷವರ್ಷವೂ ಕೊಂಡು ಸುರಿಯಲೇಬೇಕು. ಮರಿಕೇಂದ್ರದಲ್ಲಿ ಬೆಳೆದ ಮೀನಿಗೆ ಶತ್ರುವಿನ ಭಯ ಗೊತ್ತಿರುವುದಿಲ್ಲ, ಹಾಗಾಗಿ ಒಂದು ಪಾಲು ನೀರುಕಾಗೆಗಳ ಬಾಯಿಗೆ. ಮುಖ್ಯವಾಗಿ, ಬಿಟ್ಟ ಮೀನು ಹಿಡಿದ ಲೆಕ್ಕವನ್ನು ಉಬ್ಬಿಸಿ ನೀರಿನ ನಿಜಸ್ಥಿತಿಯನ್ನು ಮರೆಮಾಚುತ್ತದೆ. ಲೀವನ್‌ನಂಥ ಹೆಸರುವಾಸಿ ಕಾಡು ತಳಿಯ ಮನೆಯಲ್ಲಿ ಇದನ್ನು ಮಾಡಬಾರದಿತ್ತು ಎಂದೇ ನಮ್ಮ ಅಭಿಪ್ರಾಯ. ರೇನ್‌ಬೋ ಬಿಡುವುದು 2004ಕ್ಕೆ ನಿಂತಿತು, ಕಂದು ಮರಿ ಬಿಡುವುದು 2006ಕ್ಕೆ.

ನೀರಿನ ನಿಜಸ್ಥಿತಿಯನ್ನು ಎಲ್ಲರ ಕಣ್ಣಿಗೆ ಹಾಕಿದ್ದು 1992ರ ಜೂನ್ 13. ನೀಲಿ-ಹಸಿರು ಪಾಚಿ ಕೆನೆಗಟ್ಟಿ ದಂಡೆಗೆ ಬಂದು ಬಿತ್ತು. ಊರವರು ಆ ದಿನಕ್ಕೆ ಇಟ್ಟ ಹೆಸರು ‘ಗಸಿ ಶನಿವಾರ’ ಎಂಬರ್ಥದ್ದು. ಇಂಥ ಪಾಚಿ ಮೀನಿಗೆ ಹಾನಿ ಮಾಡುವುದು ವಿಷದಿಂದ ಮಾತ್ರವಲ್ಲ. ಹಗಲಿನಲ್ಲಿ ಅದು ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಪಿಎಚ್ ಅಂಶವನ್ನು 9 ದಾಟಿಸುತ್ತದೆ. ಆಗ ನೀರಿನಲ್ಲಿರುವ ಅಮೋನಿಯಂ ಕಿವಿರಿಗೆ ಕುತ್ತಾದ ಅಮೋನಿಯಾ ಆಗಿ ಮಾರ್ಪಡುತ್ತದೆ. ರಾತ್ರಿ ಪಾಚಿಯೂ ಉಸಿರಾಡಿ ಆಮ್ಲಜನಕ ಖಾಲಿ ಮಾಡುತ್ತದೆ. ಬೇಸಿಗೆಯ ಮುಂಜಾವಿನಲ್ಲಿ ಮೀನು ಸತ್ತು ತೇಲುವುದು ಅದಕ್ಕೇ.

ಅಷ್ಟರಲ್ಲಾಗಲೇ ದುರಸ್ತಿ ಶುರುವಾಗಿತ್ತು. ಗಿರಣಿಯ ರಂಜಕ 1980ರ ದಶಕದ ಕೊನೆಗೆ ನಿಂತಿತು, ಕೊಳಚೆ ಘಟಕಗಳು ಸುಧಾರಿಸಿದವು, ಹಳ್ಳದ ಅಂಚಿನಲ್ಲಿ ಉಳದೆ ಹುಲ್ಲುಪಟ್ಟಿ ಬಿಡುವ ಯೋಜನೆ ಬಂತು. ವರ್ಷಕ್ಕೆ ಸರೋವರ ಸೇರುವ ರಂಜಕ 1985ರಲ್ಲಿ ಸುಮಾರು 20 ಟನ್ ಇದ್ದದ್ದು 1995ಕ್ಕೆ 8 ಟನ್ ಆಯಿತು. ನೀರು ಮಾತ್ರ ತಿಳಿಯಾಗಲಿಲ್ಲ. ದಶಕಗಳಿಂದ ಹೂಳಿನಲ್ಲಿ ಕೂತಿದ್ದ ರಂಜಕ ಪ್ರತಿ ಬೇಸಿಗೆಯೂ ಮೇಲೆ ಬರುತ್ತಿತ್ತು. ಬಿಸಿ ಏರಿ ಹೂಳಿನ ಮೇಲ್ಪದರದಲ್ಲಿ ಆಮ್ಲಜನಕ ತೀರಿದಾಗ ಕಬ್ಬಿಣದ ಹಿಡಿತ ಸಡಿಲಿ ರಂಜಕ ನೀರಿಗೆ ಬಿಡುಗಡೆಯಾಗುತ್ತದೆ. ಬ್ಯಾಂಕಿನ ಹಳೆ ಸಾಲದಂತೆ, ಹೊಸದಾಗಿ ತೆಗೆಯದಿದ್ದರೂ ಕಂತು ತಪ್ಪಲಿಲ್ಲ. ನೀರಿನಲ್ಲಿನ ರಂಜಕ ಲೀಟರಿಗೆ 40 ಮೈಕ್ರೊಗ್ರಾಂ ಎಂಬ ಗುರಿಯ ಕೆಳಗೆ ಇಳಿದದ್ದು 2008ರ ಹೊತ್ತಿಗೆ, ಹೊರಗಿನ ಹರಿವು ತಡೆದ ಸುಮಾರು ಇಪ್ಪತ್ತು ವರ್ಷದ ಮೇಲೆ. ಗಿಡಗಳೂ 4 ಮೀಟರ್ ಆಚೆಗೆ ಮರಳಿ ಇಳಿದವು.

ಇವತ್ತಿನ ಗಾಳಗಾರನ ಪಾಲಿಗೆ ಇದರ ಅರ್ಥ: ಸಂಖ್ಯೆ ಕಡಿಮೆ, ಗಾತ್ರ ದೊಡ್ಡದು. ಹಿಂದೆ ಮುಕ್ಕಾಲು, ಒಂದು ಪೌಂಡಿನ ಮೀನು ಬುಟ್ಟಿ ತುಂಬುತ್ತಿದ್ದ ಕಡೆ ಈಗ ಕೈಗೆ ಬಂದದ್ದು ಎರಡು ಪೌಂಡ್ ಅಥವಾ ಮೇಲೆ ತೂಗುವುದೇ ಹೆಚ್ಚು. ಹಿಡಿದು ಬಿಟ್ಟುಬಿಡುವ ರೂಢಿಯೂ ಬೆಳೆದಿದೆ.

ಕಂದು ಟ್ರೌಟ್ ಹಿಡಿಯಲು ಸ್ಕಾಟ್ಲೆಂಡಿನ ಕಾನೂನು ಬಿಡುವುದು ಮಾರ್ಚ್ 15ರಿಂದ ಅಕ್ಟೋಬರ್ 6ರವರೆಗೆ. ಇಲ್ಲಿನ ಪದ್ಧತಿ ದೋಣಿಯಿಂದ, ಕೃತಕ ನೊಣ ಕಟ್ಟಿದ ಗಾಳ. ದೋಣಿಯನ್ನು ಗಾಳಿಗೆ ಅಡ್ಡಲಾಗಿ ಬಿಟ್ಟು ತೇಲುತ್ತ, ಮೂರು ಮೀಟರಿನ ಕೋಲಿನಿಂದ ಮುಂದಕ್ಕೆ ಬೀಸಿ, ಒಂದೇ ದಾರಕ್ಕೆ ಕಟ್ಟಿದ ಮೂರು ನಾಲ್ಕು ನೊಣಗಳನ್ನು ಅಲೆಯ ಮೇಲೆ ಎಳೆದು ತರುವುದು. ಸರೋವರಗಳಲ್ಲಿ ನಡೆಯುವ ನೊಣಗಾಳದ ಸ್ಪರ್ಧೆಗಳು ಇಂದಿಗೂ ಈ ಶೈಲಿಯನ್ನು ‘ಲಾಖ್’ ಹೆಸರಿನಿಂದಲೇ ಕರೆಯುತ್ತವೆ. ಗಾಳಿ ಜೋರಿದ್ದರೆ ದೋಣಿ ನೊಣಕ್ಕಿಂತ ವೇಗವಾಗಿ ಓಡುತ್ತದೆ, ದಾರ ಸಡಿಲಾಗಿ ಕಚ್ಚಿದ್ದೇ ತಿಳಿಯುವುದಿಲ್ಲ. ಅದಕ್ಕೆ ಹಿಂದೆ ಬಟ್ಟೆಯ ಕೊಡೆಯಂಥ ತಡೆ ಕಟ್ಟಬೇಕು.

ಮೇ ತಿಂಗಳಲ್ಲಿ ಕೆಸರಿನಿಂದ ಏಳುವ ಕಚ್ಚದ ಸೊಳ್ಳೆಯ ಕೋಶ ಮೀನಿನ ಮುಖ್ಯ ಊಟ, ಆಗ ಕಪ್ಪು ಸಣ್ಣ ನೊಣ ನಿಧಾನವಾಗಿ ಎಳೆದರೆ ಸಾಕು. ನಡುಬೇಸಿಗೆಯಲ್ಲಿ ಮೀನು ನೀರುಚಿಗಟದ ಬೆನ್ನು ಹತ್ತುತ್ತದೆ. ಬಿಸಿಲಿದ್ದರೆ ನೀರುಚಿಗಟ ಆಳಕ್ಕೆ ಇಳಿಯುತ್ತದೆ, ಮೋಡ ಕವಿದರೆ ಮೇಲೇರುತ್ತದೆ, ಮೀನೂ ಹಾಗೆಯೇ. ಮೋಡ ಸರಿದ ಮೇಲೂ ಮೇಲ್ಮೈಯಲ್ಲೇ ಬೀಸುತ್ತ ಕೂರುವುದು ಹೊಸಬರ ಸಾಮಾನ್ಯ ತಪ್ಪು, ಆಗ ಮುಳುಗುವ ದಾರಕ್ಕೆ ಬದಲಾಗಬೇಕು. ಕೊನೆಯ ತಿಂಗಳುಗಳಲ್ಲಿ ಗಿಡಗಳ ಅಂಚಿನಲ್ಲಿ ಮರಿ ಪರ್ಚ್ ಬೇಟೆಯಾಡುವ ದೊಡ್ಡ ಟ್ರೌಟ್‌ಗೆ ಬೆಳ್ಳಿ ಬಣ್ಣದ ಗಾಳ.

ಈಚಿನ ಬೇಸಿಗೆಗಳಲ್ಲಿ ಪಾಚಿಯ ಎಚ್ಚರಿಕೆ ಫಲಕಗಳು ಮತ್ತೆ ಕಾಣಿಸಿಕೊಂಡಿವೆ. ಈ ಬಾರಿ ಬಿಸಿಲಿನ ಪಾತ್ರ ದೊಡ್ಡದು. ನೀರು 19 ಡಿಗ್ರಿ ದಾಟಿದರೆ ಕಂದು ಟ್ರೌಟ್ ತಿನ್ನುವುದು ಕಡಿಮೆಯಾಗುತ್ತದೆ, 25ರ ಹತ್ತಿರ ಅದು ಬದುಕುವುದೇ ಕಷ್ಟ. ಆಳದ ಸರೋವರವಾಗಿದ್ದರೆ ಕೆಳಗಿನ ತಂಪಿಗೆ ಇಳಿಯುತ್ತಿತ್ತು. ಇಲ್ಲಿ ಗಾಳಿ ತಳದವರೆಗೂ ಕಲಕುವುದರಿಂದ ಎಲ್ಲೆಡೆ ಒಂದೇ ಬಿಸಿ, ಗಾಳಿ ನಿಂತರೆ ಆ ಎರಡು ಗುಂಡಿಗಳ ತಳದಲ್ಲಿ ಉಸಿರಿಲ್ಲ. ಹಾಗಾಗಿ ಜುಲೈನಲ್ಲಿ ದೋಣಿ ಗೊತ್ತುಮಾಡುವವರು ಮೀನಿನ ವರದಿಗಿಂತ ಮೊದಲು ಹಿಂದಿನ ನಾಲ್ಕು ದಿನದ ಗಾಳಿಯ ವರದಿ ನೋಡುವುದು ಲೇಸು. ನಾಲ್ಕೂ ದಿನ ಗಾಳಿಯಿಲ್ಲದೆ ಸೆಕೆ ಹಿಡಿದಿದ್ದರೆ ಕೆನೆ ಎದ್ದಿರುವ ಸಾಧ್ಯತೆಯೇ ಹೆಚ್ಚು, ಮುಂಗಡ ಕಟ್ಟದೆ ಸೆಪ್ಟೆಂಬರ್‌ಗೆ ದಿನ ಬದಲಿಸಿಕೊಳ್ಳಬಹುದು.