ನ್ಯೂಯಾರ್ಕಿನ ರಸ್ತೆಯಿಂದ ಏಳುವುದು ರೈಲಿನ ಹೊಗೆಯೇ?

ಪ್ರಶ್ನೆ: ಮಗಳ ಮನೆಗೆಂದು ನ್ಯೂಜೆರ್ಸಿಗೆ ಹೋಗಿದ್ದಾಗ ಒಂದು ದಿನ ನ್ಯೂಯಾರ್ಕಿನ ಮ್ಯಾನ್‌ಹಟನ್ ಸುತ್ತಿ ಬಂದೆವು. ನಡುರಸ್ತೆಯಲ್ಲಿ ಕಿತ್ತಳೆ ಮತ್ತು ಬಿಳಿ ಪಟ್ಟೆಗಳ ಚಿಮಣಿ ನಿಲ್ಲಿಸಿದ್ದರು. ಅದರಿಂದ ದಟ್ಟವಾದ ಬಿಳಿ ಹೊಗೆ ಏಳುತ್ತಿತ್ತು. ಕೆಳಗೆ ಓಡುವ ಸಬ್‌ವೇ ರೈಲಿನ ಹೊಗೆಯೇ ಅದು?

ಉತ್ತರ: ಅಲ್ಲ. ಪ್ರವಾಸ ಮುಗಿಸಿ ಊರಿಗೆ ಮರಳಿದವರಿಂದ ಪ್ರತಿ ವರ್ಷವೂ ಈ ಪ್ರಶ್ನೆ ಬರುತ್ತದೆ. ಪ್ರತಿ ಸಲವೂ ಆ ಬಡಪಾಯಿ ರೈಲನ್ನು ಜೊತೆಗೇ ಎಳೆದುಕೊಂಡು ಬರುತ್ತದೆ.

ಅದು ಹೊಗೆಯಲ್ಲ, ನೀರಿನ ಆವಿ. ನಮ್ಮಲ್ಲಿ ಮನೆಮನೆಗೆ ನಲ್ಲಿ ನೀರು ಬರುವಂತೆ ಮ್ಯಾನ್‌ಹಟನ್‌ನ ದೊಡ್ಡ ಕಟ್ಟಡಗಳಿಗೆ 1882ರಿಂದಲೂ ರಸ್ತೆಯಡಿಯ ಕೊಳವೆಯಲ್ಲಿ ಹಬೆ ಬರುತ್ತಿದೆ. ಈಗ ಕಾನ್ ಎಡಿಸನ್ ಕಂಪನಿ ನಡೆಸುತ್ತಿರುವ ಈ ವ್ಯವಸ್ಥೆಯ ಕೊಳವೆಗಳ ಒಟ್ಟು ಉದ್ದ ಸುಮಾರು 170 ಕಿಲೋಮೀಟರ್. ಚಳಿಗಾಲದಲ್ಲಿ ಕೋಣೆ ಬೆಚ್ಚಗಿಡುವುದಕ್ಕೆ, ಸ್ನಾನದ ನೀರು ಕಾಯಿಸುವುದಕ್ಕೆ, ಆಸ್ಪತ್ರೆಯ ಉಪಕರಣಗಳನ್ನು ಶುದ್ಧೀಕರಿಸುವುದಕ್ಕೆ, ಬೇಸಿಗೆಯಲ್ಲಿ ಕೆಲವು ಕಟ್ಟಡಗಳನ್ನು ತಂಪಾಗಿಸುವ ಯಂತ್ರಗಳಿಗೆ ಕೂಡ ಇದೇ ಹಬೆ ಬೇಕು.

ಹಾಗಾದರೆ ಕೊಳವೆ ಒಡೆದಿದೆಯೇ? ಕೀಲುಗಳಲ್ಲಿ ಸೋರಿಕೆ ಇರುವುದೂ ಉಂಟು. ಆದರೆ ಹೆಚ್ಚಿನ ಸಲ ಮಳೆಯ ನೀರೋ ಕರಗಿದ ಹಿಮವೋ ಪಕ್ಕದ ನೀರಿನ ಪೈಪಿನ ಸೋರಿಕೆಯೋ ಇಳಿದು, ಸುಮಾರು 175 ಡಿಗ್ರಿ ಸೆಲ್ಸಿಯಸ್ ಶಾಖದ ಹಬೆ ಹರಿಯುವ ಕೊಳವೆಯ ಮೇಲೆ ಬೀಳುತ್ತದೆ. ಕಾದ ದೋಸೆಕಲ್ಲಿನ ಮೇಲೆ ನೀರು ಚಿಮುಕಿಸಿದಾಗ ಆಗುವುದೇ ಅಲ್ಲಿಯೂ ಆಗುತ್ತದೆ. ಆವಿ ವಾಹನ ಚಾಲಕರ ಕಣ್ಣಿಗೆ ಅಡ್ಡ ಬರದಂತೆ ಮೇಲಕ್ಕೆ ಸಾಗಿಸಲು ಆ ಪಟ್ಟೆಯ ಚಿಮಣಿ.

ಇನ್ನು ರೈಲಿನ ವಿಷಯ. ನ್ಯೂಯಾರ್ಕಿನ ಸಬ್‌ವೇ ಶುರುವಾದದ್ದು 1904ರ ಅಕ್ಟೋಬರ್‌ನಲ್ಲಿ, ಅಂದರೆ ಹಬೆಯ ಕೊಳವೆಗಳು ಬಂದು 22 ವರ್ಷಗಳ ನಂತರ. ಅದು ಮೊದಲ ದಿನದಿಂದಲೂ ವಿದ್ಯುತ್ತಿನಲ್ಲೇ ಓಡಿದೆ. ಹಳಿಗಳ ಪಕ್ಕದ ಮೂರನೆಯ ಹಳಿಯಿಂದ ಕರೆಂಟು ಪಡೆಯುವ ರೈಲು ಹೊಗೆ ಉಗುಳುವುದಾದರೂ ಹೇಗೆ? ಅದಕ್ಕೂ ಮೊದಲು ಆ ನಗರದಲ್ಲಿ ಕಲ್ಲಿದ್ದಲಿನ ಉಗಿಬಂಡಿಗಳು ಓಡಿದ್ದು ನಿಜ, ಆದರೆ ನಗರದೊಳಗಿನ ಓಡಾಟಕ್ಕಿದ್ದವು ಓಡಿದ್ದು ಕಂಬಗಳ ಮೇಲಿನ ಹಳಿಗಳಲ್ಲಿ. ಆ ಹೊಗೆ ಜನರ ತಲೆಯ ಮೇಲೆ ಸುರಿಯುತ್ತಿತ್ತೇ ಹೊರತು ಕಾಲಡಿಯಿಂದ ಏಳುತ್ತಿರಲಿಲ್ಲ. ಕಾಲುದಾರಿಯ ಕಬ್ಬಿಣದ ಜಾಲರಿಗಳಿಂದ ಮುಖಕ್ಕೆ ರಾಚುವ ಬಿಸಿಗಾಳಿ ಮಾತ್ರ ನಿಜಕ್ಕೂ ಸಬ್‌ವೇಯದು, ಸುರಂಗದಲ್ಲಿ ರೈಲು ತಳ್ಳಿಕೊಂಡು ಬರುವ ಗಾಳಿ. ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಈ ಗೊಂದಲವೆಂದು ನನ್ನ ಅನಿಸಿಕೆ.

ಇಷ್ಟಾದರೂ ನಂಬದವರು ದೋಸೆ ತಿನ್ನಲು ಅದೇ ನಗರದ ಕ್ವೀನ್ಸ್ ಭಾಗದಲ್ಲಿರುವ, ಭಾರತೀಯ ಹೋಟೆಲುಗಳ ಜಾಕ್ಸನ್ ಹೈಟ್ಸ್‌ಗೆ ಹೋದಾಗ ಒಮ್ಮೆ ರಸ್ತೆಯತ್ತ ನೋಡಲಿ. ಅಲ್ಲಿಯೂ ನೆಲದಡಿಯಲ್ಲಿ ರೈಲು ಓಡುತ್ತದೆ, ಆದರೆ ಆವಿಯ ಚಿಮಣಿ ಕಾಣಿಸುವುದಿಲ್ಲ, ಏಕೆಂದರೆ ಕಟ್ಟಡಗಳಿಗೆ ಹಬೆ ಹಂಚುವ ಈ ಕೊಳವೆಗಳಿರುವುದು ಮ್ಯಾನ್‌ಹಟನ್‌ನಲ್ಲಿ ಮಾತ್ರ. ಮ್ಯಾನ್‌ಹಟನ್‌ನಲ್ಲಿಯೂ ಅವು 96ನೆಯ ಬೀದಿಯ ಹೊತ್ತಿಗೆ ಮುಗಿಯುತ್ತವೆ. ರೈಲು ಅದನ್ನೂ ದಾಟಿ ಬಹುದೂರ ಹೋಗುತ್ತದೆ.

ಚಿಮಣಿಯ ಆವಿ ನಿರುಪದ್ರವಿಯಾದರೂ ಕೊಳವೆಯೊಳಗಿನ ಹಬೆ ಹಾಗಲ್ಲ. 2007ರ ಜುಲೈ 18ರಂದು ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಬಳಿ 1924ರ ಕೊಳವೆಯೊಂದು ಸಿಡಿದಾಗ ರಸ್ತೆಯಲ್ಲಿ ದೊಡ್ಡ ಗುಂಡಿ ಬಿದ್ದಿತ್ತು; ಒಬ್ಬರು ತೀರಿಕೊಂಡರು.

ಹಬೆಯ ಮಾತು ಬಂದದ್ದರಿಂದ ನೀವು ಕೇಳದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಲ್ಲಿನ ಹಳೆಯ ಕಟ್ಟಡದಲ್ಲಿ ಚಳಿಗಾಲದ ರಾತ್ರಿ ತಂಗಿದವರಿಗೆ, ಗೋಡೆಯ ಪಕ್ಕದಲ್ಲಿದ್ದು ಕೋಣೆ ಬೆಚ್ಚಗಿಡುವ ರೇಡಿಯೇಟರ್‌ನೊಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ಸದ್ದಾಗಿ ಎಚ್ಚರವಾಗಿರುತ್ತದೆ. ದೆವ್ವವೂ ಅಲ್ಲ, ಮೇಲಿನ ಮನೆಯವರೂ ಅಲ್ಲ. ಕಟ್ಟಡದ ಸ್ವಂತ ಬಾಯ್ಲರ್‌ನಿಂದಲೋ ರಸ್ತೆಯ ಕೊಳವೆಯಿಂದಲೋ ಬಂದ ಹಬೆ ತಣಿದು ನೀರಾಗುತ್ತದೆ. ಆ ನೀರು ಹಿಂದಕ್ಕೆ ಹರಿಯದೆ ಪೈಪಿನಲ್ಲೇ ನಿಂತರೆ, ಹಿಂದಿನಿಂದ ಬರುವ ಹಬೆ ಅದನ್ನು ಎತ್ತಿ ಲೋಹಕ್ಕೆ ಅಪ್ಪಳಿಸುತ್ತದೆ. ಸೆಕೆ ಹೆಚ್ಚಾಯಿತೆಂದು ವಾಲ್ವನ್ನು ಅರ್ಧ ಮುಚ್ಚಿದರೆ ನೀರು ಇಳಿಯುವ ದಾರಿಯೂ ಕಿರಿದಾಗಿ ಬಡಿತ ಜೋರಾಗುತ್ತದೆ. ಹಬೆ ಬರುವುದಕ್ಕೂ ನೀರು ಹೋಗುವುದಕ್ಕೂ ಒಂದೇ ಪೈಪಿರುವ ರೇಡಿಯೇಟರ್ ಆಗಿದ್ದರೆ ವಾಲ್ವನ್ನು ಪೂರ್ತಿ ತೆರೆಯಿರಿ, ಇಲ್ಲವೇ ಪೂರ್ತಿ ಮುಚ್ಚಿ. ಅಷ್ಟಕ್ಕೂ ಸೆಕೆ ತಡೆಯದಿದ್ದರೆ ಆ ಊರಿನವರು ಮಾಡುವಂತೆ, ಹೊರಗೆ ಹಿಮ ಬೀಳುತ್ತಿದ್ದರೂ ಕಿಟಕಿ ತೆರೆದು ಮಲಗಿ.