ಗೊತ್ತಿದ್ದೂ ಐದು ವರ್ಷ ಸುಮ್ಮನಿದ್ದ ಪಾದ್ರಿ

1531ರ ಮಾರ್ಚ್ 20. ಇವತ್ತಿನ ನೆದರ್ಲೆಂಡ್ಸ್‌ನ ಉತ್ತರಕ್ಕಿರುವ ಫ್ರೀಸ್‌ಲ್ಯಾಂಡ್ ಪ್ರಾಂತ್ಯ. ಅಲ್ಲಿನ ಲೇವಾರ್ಡೆನ್ ಪಟ್ಟಣದಲ್ಲಿ ಸಿಕ್ಕೆ ಫ್ರೀರ್ಕ್ಸ್ ಎಂಬ ದರ್ಜಿಯ ತಲೆ ಕಡಿದರು. ಆತ ಕದ್ದಿರಲಿಲ್ಲ, ಯಾರನ್ನೂ ಕೊಂದಿರಲಿಲ್ಲ. ಮಗುವಾಗಿದ್ದಾಗ ಆದ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ ಎಂದು ದೊಡ್ಡವನಾದ ಮೇಲೆ ಇನ್ನೊಮ್ಮೆ ಮಾಡಿಸಿಕೊಂಡಿದ್ದ, ಅಷ್ಟೇ.

ಸುದ್ದಿ ಅದೇ ಪ್ರಾಂತ್ಯದ ಪಿಂಗ್ಯುಮ್ ಹಳ್ಳಿಯ ಕ್ಯಾಥೊಲಿಕ್ ಪಾದ್ರಿಯೊಬ್ಬರ ಕಿವಿಗೂ ಬಿತ್ತು. ಹೆಸರು ಮೆನ್ನೊ ಸೈಮನ್ಸ್, ಅಂದರೆ ಸೈಮನ್ನನ ಮಗ ಮೆನ್ನೊ. ಎರಡನೇ ಸಲ ದೀಕ್ಷಾಸ್ನಾನ ಎನ್ನುವ ಮಾತೇ ವಿಚಿತ್ರವಾಗಿ ಕೇಳಿಸಿತು ಎಂದು ಮುಂದೆ ಅವರೇ ಬರೆದುಕೊಂಡಿದ್ದಾರೆ.

ಇಷ್ಟಕ್ಕೆಲ್ಲ ತಲೆ ತೆಗೀತಾರಾ ಅನ್ನಿಸುತ್ತದೆ, ಅಲ್ವಾ? ಆಗಿನ ಯುರೋಪಿನಲ್ಲಿ ಮಗುವಿನ ದೀಕ್ಷಾಸ್ನಾನ ಅಂದರೆ ನಾಮಕರಣವೂ ಹೌದು, ಜನನ ನೋಂದಣಿಯೂ ಹೌದು. ಊರಿಗೆ ಸೇರುವುದೂ ಚರ್ಚಿಗೆ ಸೇರುವುದೂ ಒಂದೇ ನೀರಿನಲ್ಲಿ ಮುಗಿಯುತ್ತಿತ್ತು. ಅದು ಬೇಡ, ನಂಬಿಕೆ ಬಂದ ಮೇಲೆ ನಾನೇ ಕೇಳಿ ಪಡೆಯುತ್ತೇನೆ ಎಂದರೆ ಆಳುವವರಿಗೆ ಅದು ದಂಗೆಯ ಹಾಗೆ ಕಂಡಿತು. 1525ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ಕೆಲವರು ಮೊದಲ ಸಲ ಹೀಗೆ ಮಾಡಿದರು. ಅವರಲ್ಲಿ ಒಬ್ಬರಾದ ಫೆಲಿಕ್ಸ್ ಮಾಂಟ್ಸ್ ಅವರನ್ನು ಎರಡು ವರ್ಷಕ್ಕೇ ಲಿಮ್ಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಂದರು. ನೀರು ಬೇಕೆಂದವನಿಗೆ ನೀರೇ ಶಿಕ್ಷೆ. 1529ರಲ್ಲಿ ಇಡೀ ಪವಿತ್ರ ರೋಮನ್ ಸಾಮ್ರಾಜ್ಯಕ್ಕೇ ಕಾನೂನು ಬಂತು: ಎರಡನೇ ದೀಕ್ಷಾಸ್ನಾನಕ್ಕೆ ಮರಣದಂಡನೆ.

ಮೆನ್ನೊ ಹುಟ್ಟಿದ್ದು 1496ರಲ್ಲಿ, ವಿಟ್ಮಾರ್ಸುಮ್ ಎಂಬ ಊರಿನಲ್ಲಿ. ಪಾದ್ರಿಯಾದದ್ದು 28ನೇ ವಯಸ್ಸಿಗೆ. ಆ ತನಕ ಬೈಬಲ್ ಓದಿಯೇ ಇರಲಿಲ್ಲವಂತೆ! ಓದಿದರೆ ದಾರಿ ತಪ್ಪುತ್ತೇನೆ ಎಂಬ ಭಯ. ಜೊತೆಯ ಪಾದ್ರಿಗಳೊಂದಿಗೆ ಇಸ್ಪೀಟು, ಕುಡಿತ, ಹರಟೆಯಲ್ಲೇ ಹೊತ್ತು ಹೋಗುತ್ತಿತ್ತು. ಕೆಲಸಕ್ಕೆ ಸೇರಿದ ಮರುವರ್ಷ ಪೂಜೆ ಮಾಡುತ್ತಿರುವಾಗಲೇ ಒಂದು ಅನುಮಾನ ಹೊಕ್ಕಿತು. ಕೈಯಲ್ಲಿರುವ ಈ ರೊಟ್ಟಿ, ಈ ದ್ರಾಕ್ಷಾರಸ ನಿಜಕ್ಕೂ ಕ್ರಿಸ್ತನ ಮಾಂಸ, ರಕ್ತ ಆಗಿಬಿಡುತ್ತದೆಯೇ? ಸೈತಾನನೇ ಹೀಗೆಲ್ಲ ಯೋಚನೆ ತರಿಸುತ್ತಿದ್ದಾನೆ ಅಂದುಕೊಂಡು ಪ್ರಾರ್ಥನೆ ಮಾಡಿದರು. ಅನುಮಾನ ಹೋಗಲಿಲ್ಲ. ಕೊನೆಗೆ ಬೈಬಲ್ ಬಿಚ್ಚಿದರು.

ದರ್ಜಿಯ ಸಾವಿನ ನಂತರ ಮತ್ತೆ ಬಿಚ್ಚಿದರು. ಮಕ್ಕಳಿಗೆ ದೀಕ್ಷಾಸ್ನಾನ ಕೊಡಿ ಎಂಬ ಮಾತು ಎಲ್ಲೂ ಸಿಗಲಿಲ್ಲ. ಲೂಥರ್ ಏನು ಹೇಳುತ್ತಾರೆ ನೋಡಿದರು, ಬೇರೆ ಸುಧಾರಕರನ್ನೂ ನೋಡಿದರು. ಒಬ್ಬೊಬ್ಬರದು ಒಂದೊಂದು ಸಮಜಾಯಿಷಿ. ಅಲ್ಲಿಗೆ ಅವರ ಮನಸ್ಸಿನಲ್ಲಿ ವಿಷಯ ತೀರ್ಮಾನವಾಯಿತು.

ಹಾಗಂತ ಕೆಲಸ ಬಿಟ್ಟರಾ? ಇಲ್ಲ. ಹುಟ್ಟೂರು ವಿಟ್ಮಾರ್ಸುಮ್‌ಗೆ ಬಡ್ತಿ ಮೇಲೆ ಹೋದರು. ಹಣದಾಸೆಗೆ, ಹೆಸರಿನ ಆಸೆಗೆ ಹೋದೆ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಮಕ್ಕಳಿಗೆ ದೀಕ್ಷಾಸ್ನಾನ ಕೊಡುವುದು ಮುಂದುವರಿಯಿತು, ಪೂಜೆ ಮುಂದುವರಿಯಿತು, ಸಂಬಳವೂ ಬಂತು. ಹುಟ್ಟಾ ಸಂತರ ಕಥೆಗಳಿಗಿಂತ ನನಗೆ ಈ ಐದು ವರ್ಷವೇ ಜಾಸ್ತಿ ನಿಜ ಅನ್ನಿಸುತ್ತದೆ. ನಮ್ಮಲ್ಲಿ ಎಷ್ಟು ಜನ ಹೀಗೇ ಬದುಕುತ್ತಿಲ್ಲ?

ಅಷ್ಟರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ನಗರದಲ್ಲಿ ಎರಡನೇ ದೀಕ್ಷಾಸ್ನಾನದ ಗುಂಪೊಂದು ಕತ್ತಿ ಹಿಡಿಯಿತು. 1534ರಲ್ಲಿ ನಗರವನ್ನೇ ವಶಪಡಿಸಿಕೊಂಡರು. ಲೇಡೆನ್ ಊರಿನ ಯಾನ್ ತಾನೇ ರಾಜ ಎಂದು ಸಾರಿಕೊಂಡ. ಬಹುಪತ್ನಿತ್ವ ಜಾರಿಗೆ ಬಂತು. ಮರುವರ್ಷ ಜೂನ್‌ನಲ್ಲಿ ನಗರ ಬಿತ್ತು. ಮೂವರು ಮುಖಂಡರನ್ನು ಹಿಂಸಿಸಿ ಕೊಂದು, ಹೆಣಗಳನ್ನು ಕಬ್ಬಿಣದ ಪಂಜರಗಳಲ್ಲಿಟ್ಟು ಸಂತ ಲ್ಯಾಂಬರ್ಟ್ ಚರ್ಚಿನ ಗೋಪುರಕ್ಕೆ ನೇತುಹಾಕಿದರು. ಆ ಪಂಜರಗಳು ಈಗಲೂ ಅಲ್ಲೇ ಇವೆ, ಖಾಲಿ.

ಮೆನ್ನೊಗೆ ಪೆಟ್ಟು ಬಿದ್ದದ್ದು ಇನ್ನೂ ಹತ್ತಿರದಲ್ಲಿ. 1535ರ ಮಾರ್ಚ್ ಕೊನೆಗೆ ಇದೇ ಪಂಗಡದ ಸುಮಾರು 300 ಜನ ಬೋಲ್ಸ್‌ವಾರ್ಡ್ ಬಳಿಯ ಮಠವೊಂದಕ್ಕೆ ನುಗ್ಗಿ ಕೂತರು. ಸರ್ಕಾರದ ಸೈನಿಕರು ಒಂದು ವಾರದಲ್ಲಿ ಅದನ್ನು ಹಿಡಿದರು. ಸತ್ತವರಲ್ಲಿ ಮೆನ್ನೊ ಅವರ ಸಹೋದರನೂ ಇದ್ದ ಎನ್ನುತ್ತಾರೆ. ಈ ಜನ ತಪ್ಪು ದಾರಿ ಹಿಡಿದರು ನಿಜ, ಆದರೆ ನಂಬಿದ್ದಕ್ಕೆ ಪ್ರಾಣ ಕೊಟ್ಟರು. ಸರಿ ದಾರಿ ಗೊತ್ತಿದ್ದ ನಾನು ಮಾತ್ರ ಸುಖವಾಗಿ ಕೂತಿದ್ದೇನೆ. ಈ ಕೊರಗು ಅವರನ್ನು ತಿಂದಿತು. ಸುಮಾರು ಒಂಬತ್ತು ತಿಂಗಳು ಚರ್ಚಿನ ಪೀಠದಿಂದಲೇ ಮನಸ್ಸಿನಲ್ಲಿದ್ದದ್ದನ್ನು ಬೋಧಿಸಿ ನೋಡಿದರು. 1536ರ ಜನವರಿ ಕೊನೆಗೆ ಎಲ್ಲ ಬಿಟ್ಟು ಹೊರಟರು.

ಎರಡನೇ ದೀಕ್ಷಾಸ್ನಾನದವರಲ್ಲಿ ಕತ್ತಿ ಹಿಡಿಯದೆ ಚದುರಿ ಹೋಗಿದ್ದ ಶಾಂತಿಪರರು ಬಂದು ಮುಂದಾಳಾಗಿ ಎಂದು ಕೇಳಿಕೊಂಡರು. ಓಬ್ಬೆ ಫಿಲಿಪ್ಸ್ ಎಂಬವರು ಅವರಿಗೆ ಸಭೆಯ ಹಿರಿಯನ ಪಟ್ಟ ಕೊಟ್ಟರು. ತಮಾಷೆ ಅಂದರೆ, ಪಟ್ಟ ಕೊಟ್ಟ ಓಬ್ಬೆ ಕೆಲವೇ ವರ್ಷಗಳಲ್ಲಿ ಬೇಸತ್ತು ಗುಂಪನ್ನೇ ಬಿಟ್ಟುಹೋದರು. ಮೆನ್ನೊ ಉಳಿದರು.

ಮುಂದಿನದು ಓಡಾಟದ ಬದುಕು. ಹೆಂಡತಿ ಗೀರ್‌ಟ್ರೌಡ್, ಚಿಕ್ಕ ಮಕ್ಕಳು. ಅವರನ್ನು ಆರು ತಿಂಗಳೋ ಒಂದು ವರ್ಷವೋ ನೆಮ್ಮದಿಯಾಗಿ ಇಡಲು ಇಡೀ ನಾಡಿನಲ್ಲಿ ಒಂದು ಗುಡಿಸಲೂ ಸಿಗುತ್ತಿಲ್ಲ ಎಂದು 1544ರಲ್ಲಿ ಬರೆದರು. ನಾಯಿ ಬೊಗಳಿದರೆ ಸಾಕು, ಹಿಡಿಯುವವರು ಬಂದರೇನೋ ಎಂದು ಎದ್ದು ಕೂರಬೇಕು ಎಂದೂ ಬರೆದಿದ್ದಾರೆ. ಮೆನ್ನೊ ಅವರನ್ನು ಮನೆಯಲ್ಲಿ ಇರಿಸಿಕೊಂಡ ತಪ್ಪಿಗೆ ತ್ಯಾರ್ಡ್ ರೇಂಡರ್ಸ್ ಎಂಬ ರೈತನನ್ನು 1539ರಲ್ಲಿ ಚಕ್ರಕ್ಕೆ ಕಟ್ಟಿ, ಮೂಳೆ ಮುರಿದು ಕೊಂದರು. 1542ರ ಡಿಸೆಂಬರ್‌ನಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಮೆನ್ನೊ ತಲೆಗೆ 100 ಗಿಲ್ಡರ್ ಬಹುಮಾನ ಕಟ್ಟಿದ.

ಮೆನ್ನೊ ಹಾದಿ ಹಿಡಿದವರನ್ನು ಇವತ್ತು ಕರೆಯುವ ಮೆನ್ನೊನೈಟ್ ಎಂಬ ಹೆಸರನ್ನು ಅವರೇನೂ ಇಟ್ಟುಕೊಂಡದ್ದಲ್ಲ. ಪೂರ್ವ ಫ್ರೀಸ್‌ಲ್ಯಾಂಡನ್ನು ಆಳುತ್ತಿದ್ದ ಕೌಂಟೆಸ್ ಅನ್ನಾಗೆ ಕತ್ತಿ ಹಿಡಿಯುವವರನ್ನೂ ಹಿಡಿಯದವರನ್ನೂ ಬೇರೆ ಮಾಡಿ ನೋಡಬೇಕಿತ್ತು. 1545ರ ಹೊತ್ತಿಗೆ ಅವಳ ಆಜ್ಞೆಯಲ್ಲಿ ಶಾಂತಿಪರರು ‘ಮೆನ್ನಿಸ್ಟ್’ ಎಂದು ಕಾಣಿಸಿಕೊಂಡರು. ಸರ್ಕಾರಿ ಕಡತದ ಹಣೆಪಟ್ಟಿ ಹಾಗೇ ಉಳಿಯಿತು. ನಮ್ಮ ರಾಯಚೂರಿನಿಂದ ಕೃಷ್ಣೆ ದಾಟಿ ಮಹಬೂಬ್‌ನಗರದ ಕಡೆ ಹೋದರೆ ಇದೇ ಪರಂಪರೆಯ ತೆಲುಗು ಸಭೆಗಳು ಸಿಗುತ್ತವೆ.

1553ರ ಡಿಸೆಂಬರ್‌ನಲ್ಲಿ ಜರ್ಮನಿಯ ವಿಸ್ಮಾರ್ ಬಂದರಿನಲ್ಲಿ ನಡೆದ ಒಂದು ಪ್ರಸಂಗ ಹೇಳಲೇಬೇಕು. ಲಂಡನ್‌ನಿಂದ ಓಡಿಬಂದ ಪ್ರೊಟೆಸ್ಟೆಂಟ್ ನಿರಾಶ್ರಿತರ ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿತು. ಅಲ್ಲಿ ಅಡಗಿಕೊಂಡಿದ್ದ ಮೆನ್ನೊ ಕಡೆಯವರು ಮಂಜಿನ ಮೇಲೆ ನಡೆದು ಹೋಗಿ ಅವರಿಗೆ ನೆರವಾದರು. ಬಂದವರು ಸುಮ್ನೆ ಇರಲಿಲ್ಲ, ಮೆನ್ನೊ ಜೊತೆಗೇ ಧರ್ಮದ ವಾದಕ್ಕೆ ಇಳಿದರು. ಗುಟ್ಟು ರಟ್ಟಾಯಿತು. 1554ರಲ್ಲಿ ಮೆನ್ನೊ ಅಲ್ಲಿಂದಲೂ ಜಾಗ ಖಾಲಿ ಮಾಡಬೇಕಾಯಿತು.

ಕೊನೆಯ ವರ್ಷಗಳ ಕಥೆ ಇಷ್ಟು ಚೆನ್ನಾಗಿಲ್ಲ. ಮ್ಯೂನ್‌ಸ್ಟರ್ ಇನ್ನೊಮ್ಮೆ ಆಗಬಾರದು, ಸಭೆ ಶುದ್ಧವಾಗಿರಬೇಕು ಎಂಬ ಹಟ ಬಹಿಷ್ಕಾರವಾಗಿ ಬೆಳೆಯಿತು. ತಪ್ಪಿದವನ ಜೊತೆ ಊಟ ಬಂದ್, ವ್ಯವಹಾರ ಬಂದ್. ಗಂಡನಿಗೆ ಬಹಿಷ್ಕಾರವಾದರೆ ಹೆಂಡತಿಯೂ ದೂರವಿರಬೇಕೇ? ಎಮ್ಡೆನ್‌ನ ಸ್ವಾನ್ ರುಟ್ಗರ್ಸ್ ಎಂಬ ಹೆಣ್ಣುಮಗಳು ಗಂಡನನ್ನು ಬಿಡುವುದಿಲ್ಲ ಎಂದಳು. ಕಟ್ಟುನಿಟ್ಟಿನ ಹಿರಿಯ ಲೇನಾರ್ಟ್ ಬೌವೆನ್ಸ್ ಅವಳನ್ನೂ ಹೊರಹಾಕಲು ಹೊರಟರು. ಇಷ್ಟು ಬಿಗಿ ಬೇಡ ಎಂದು ಮೆನ್ನೊ 1556ರಲ್ಲಿ ಬರೆದರು. ಆಮೇಲೆ ಬಿಗಿ ಪಕ್ಷದವರ ಒತ್ತಡಕ್ಕೆ ಅವರ ಕಡೆಗೇ ವಾಲಿದರು. ಈ ಸಲವೂ ಅವರಿಗೆ ಗೊತ್ತಿತ್ತು ಅಂತಲೇ ನನ್ನ ಅನಿಸಿಕೆ. ಒಪ್ಪದ ಮೃದು ಪಕ್ಷದವರು ಬೇರೆಯಾದರು.

ಆಗ ಅವರಿದ್ದದ್ದು ಉತ್ತರ ಜರ್ಮನಿಯ ಹೋಲ್‌ಸ್ಟೈನ್‌ನ ವ್ಯೂಸ್ಟೆನ್‌ಫೆಲ್ಡೆಯಲ್ಲಿ, ಕನಿಕರಪಟ್ಟ ಜಮೀನ್ದಾರನೊಬ್ಬನ ನೆಲದಲ್ಲಿ. ಕಾಲು ಕುಂಟು, ಕೈಯಲ್ಲಿ ಊರುಗೋಲು, ಪಕ್ಕದಲ್ಲೊಂದು ಅಚ್ಚಿನ ಯಂತ್ರ. ಚರ್ಚ್ ಬಿಟ್ಟು ಸರಿಯಾಗಿ 25 ವರ್ಷಕ್ಕೆ, 1561ರ ಜನವರಿ 31ರಂದು ತೀರಿಕೊಂಡರು. ಹಾಸಿಗೆಯಲ್ಲೇ, ಯಾರ ಕೈಗೂ ಸಿಗದೆ. ಮನೆಯ ತೋಟದಲ್ಲೇ ಮಣ್ಣು ಮಾಡಿದರು. ಮುಂದೆ ಮೂವತ್ತು ವರ್ಷಗಳ ಯುದ್ಧದಲ್ಲಿ ಆ ಊರೇ ನಾಶವಾಗಿ, ತೋಟ ಎಲ್ಲಿತ್ತು ಎಂದು ತೋರಿಸುವವರೂ ಇಲ್ಲವಾದರು.