ಬೇರೆ ಮಾಡಿದ ಕಸ ಗಾಡಿಯಲ್ಲಿ ಒಂದಾದರೆ?

ಪ್ರಶ್ನೆ: ಹಸಿ ಕಸ, ಒಣ ಕಸ ಅಂತ ಬೇರೆ ಮಾಡಿ ಕೊಡ್ತೀವಿ. ಗಾಡಿಯಲ್ಲಿ ಎರಡೂ ಒಂದಾಗುತ್ತೆ. ಹಾಗಾದ್ರೆ ‘ಶೂನ್ಯ ತ್ಯಾಜ್ಯ’ ಬರೀ ಮಾತಲ್ವಾ?

ಬಳ್ಳಾರಿಯಲ್ಲಿ ಈ ಮಾತು ಆಗಾಗ ಕೇಳ್ತೀನಿ. ಸಿಟ್ಟು ನ್ಯಾಯವಾದದ್ದೇ. ಆದರೂ ಬೇರೆ ಮಾಡೋದನ್ನ ದಯವಿಟ್ಟು ಬಿಡಬೇಡಿ.

ಶೂನ್ಯ ತ್ಯಾಜ್ಯ ಅಂದರೆ ಕಸವೇ ಹುಟ್ಟಬಾರದು ಅಂತಲ್ಲ. ಬೇಡದ್ದನ್ನು ತರಬಾರದು, ಇದ್ದದ್ದನ್ನು ಮತ್ತೆ ಬಳಸಬೇಕು, ಉಳಿದದ್ದು ಗೊಬ್ಬರವೋ ಹೊಸ ವಸ್ತುವೋ ಆಗಬೇಕು. ಯಾವುದಕ್ಕೂ ಬಾರದ್ದು ಮಾತ್ರ ಊರಾಚೆಯ ಗುಂಡಿಗೆ. ದೇಶದ ಕಸ ನಿರ್ವಹಣೆಯ ನಿಯಮಗಳು ಹೇಳುವುದೂ ಇದನ್ನೇ. 2016ರ ನಿಯಮ ಮನೆಯಲ್ಲೇ ಮೂರು ಭಾಗ ಮಾಡಿ ಅಂದಿತ್ತು. 2026ರ ಏಪ್ರಿಲ್ 1ರಿಂದ ಜಾರಿಯ ಹೊಸ ನಿಯಮದಲ್ಲಿ ನಾಲ್ಕು: ಹಸಿ, ಒಣ, ಪ್ಯಾಡ್–ಡೈಪರ್, ಮತ್ತೆ ಬಲ್ಬು, ಹಳೇ ಮಾತ್ರೆ, ಬಣ್ಣದ ಡಬ್ಬದಂಥ ಹುಷಾರಾಗಿ ಸಾಗಿಸಬೇಕಾದ ಕಸ. ಬೇರೆ ಮಾಡದ ಕಸವನ್ನು ಗುಂಡಿಗೆ ಕಳಿಸುವ ನಗರಸಂಸ್ಥೆ ಜಾಸ್ತಿ ಶುಲ್ಕ ಕಟ್ಟಬೇಕು.

ಬೇರೆ ಇಡೋದು ಯಾಕೆ ಮುಖ್ಯ? ನಮ್ಮೂರಿನ ಜೀನ್ಸ್ ಚಿಂದಿಯನ್ನೇ ನೋಡಿ. ನಮ್ಮ ಓಣಿಯಲ್ಲಿ ಹೊಲಿಗೆ ಕೆಲಸದ ಮನೆಗಳಿವೆ. ಅಂಗೈ ಅಗಲದ ನೀಲಿ ತುಂಡುಗಳು ಚೀಲ ತುಂಬಿರುತ್ತವೆ. ಒಣಗಿದ್ದರೆ ಅದಕ್ಕೆ ಬೆಲೆ ಇದೆ. ಅದೇ ಚೀಲಕ್ಕೆ ನಿನ್ನೆಯ ಸಾರು ಸುರಿದರೆ ಗುಜರಿಯವರೂ ಮುಟ್ಟಲ್ಲ. ಅದನ್ನು ಕೈಯಿಂದ ಬಿಡಿಸಬೇಕಾದವರು ಪೌರಕಾರ್ಮಿಕರು. ಇನ್ನು ಗುಂಡಿಗೆ ಬಿದ್ದ ಹಸಿ ಕಸ ಗಾಳಿಯಾಡದೆ ಕೊಳೆತು ಮೀಥೇನ್ ಅನ್ನೋ ಉರಿಯುವ ಅನಿಲ ಬಿಡುತ್ತೆ. ಬಿಸಿಲಲ್ಲಿ ಬೆಂಕಿ ಹತ್ತೋದು ಅಲ್ಲೇ.

ಗಾಡಿಯಲ್ಲಿ ಬೆರೆಸೋದು ತಪ್ಪು. ಆದರೆ ಎಷ್ಟೋ ಸಲ ಗಾಡಿಗೆ ಎರಡು ಭಾಗವೇ ಇರಲ್ಲ. ಅದಕ್ಕೆ ಪೌರಕಾರ್ಮಿಕರನ್ನು ಬೈದು ಏನು ಮಾಡೋದು? ಗಾಡಿ ನಂಬರು, ದಿನ, ಒಂದು ಫೋಟೋ ಇಟ್ಟುಕೊಂಡು ಪಾಲಿಕೆಯ ಆರೋಗ್ಯ ನಿರೀಕ್ಷಕರಿಗೆ ಬರೆದು ಕೊಡಿ. ಓಣಿಯ ಹತ್ತು ಮನೆಯವರು ಸಹಿ ಹಾಕಿದರೆ ತೂಕ ಬರುತ್ತೆ.

ಅಲ್ಲಿಯವರೆಗೆ ಹಸಿ ಕಸವನ್ನ ಗಾಡಿಗೇ ಕೊಡದೆ ಮನೆಯಲ್ಲೇ ಗೊಬ್ಬರ ಮಾಡಬಹುದು. ನಾನು ಮಾಡೋದು ಇಷ್ಟೇ: ತೂತು ಹಾಕಿದ ಹಳೇ ಬಕೆಟ್ಟು, ತರಕಾರಿ ಸಿಪ್ಪೆ, ಮೇಲೆ ಒಣ ಎಲೆ, ಒಂದು ಹಿಡಿ ಮಣ್ಣು. ನಮ್ಮ ಬಿಸಿಲಿಗೆ ಬಕೆಟ್ಟು ಬೇಗ ಒಣಗುತ್ತೆ. ನೆರಳಲ್ಲಿಡಿ, ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಸ್ವಲ್ಪ ನೀರು ಚಿಮುಕಿಸಿ. ವಾಸನೆ ಬಂದರೆ ಒಣ ಎಲೆ ಇನ್ನಷ್ಟು ಹಾಕಿ.